ಪರಿಸರ, ಹವಾಮಾನದ ಕೆಲಸ ಮಾಡಾವ್ರಿಗೆ ಸಂಘ ಐತೇನ್ರಿ? (ಹುಬ್ಬಳ್ಳಿ-ಧಾರವಾಡ ಕಡೆಯವ್ರು ಹೇಳ್ರಿ)

ಮಳಿಮಾಪಕ
ನಮಸ್ಕಾರ್ರಿ ಎಲ್ಲಾರಿಗೂ. ಭಾಳ ದಿನದಿಂದ ತಲ್ಯಾಗ ಕೊರಿಯಾಕತ್ತಿದ್ದನ್ನ ಇವತ್ತ ಕೇಳೇಬಿಡ್ತೀನಿ.

ನಂದು ಪರಿಸರ ವಿಜ್ಞಾನದಾಗ ಎಂ.ಎಸ್ಸಿ. ಕೆಲಸಕ್ಕ ಹತ್ತಿ ಎಂಟು ವರ್ಷ ಆತು. ಮೊದಲ ಒಂದು ಕನ್ಸಲ್ಟನ್ಸಿಯೊಳಗ ಗಾಳಿ, ನೀರಿನ ಸ್ಯಾಂಪಲ್ ತರೂ ಕೆಲಸ. ಆಮ್ಯಾಲೆ ಒಂದು ಸಂಸ್ಥೆಯೊಳಗ ಹವಾಮಾನದ ಪ್ರಾಜೆಕ್ಟು. ಈಗೂ ಅದ ಸಂಸ್ಥೆ, ಪ್ರಾಜೆಕ್ಟಿನ ಹೆಸರಷ್ಟ ಬ್ಯಾರೆ. (ಸಂಸ್ಥೆ ಹೆಸರು ಕೇಳಬ್ಯಾಡ್ರಿ, ಇರೂ ರೊಟ್ಟಿಗೂ ಕಲ್ಲು ಬೀಳೂದು ಬ್ಯಾಡ.) ಎಂಟು ವರ್ಷಕ್ಕ ಹತ್ತು ಆರ್ಡರ್ ಕಾಪಿ. ಕೆಲವು ಆರು ತಿಂಗಳಿನವು, ಕೆಲವು ಹನ್ನೊಂದು ತಿಂಗಳಿನವು. ಒಂದು ಮುಗದು ಇನ್ನೊಂದು ಶುರು ಆಗೂ ನಡುವ ಒಂದು ದಿನ 'ಬ್ರೇಕ್'. ಆ ಒಂದು ದಿನದ ಸಲುವಾಗಿ ನಾನು ಪ್ರತಿ ಸಲಾನೂ ಹೊಸಾ ನೌಕರ. ಹ್ವಾದ ವರ್ಷ ನಾಕು ತಿಂಗಳ ಪಗಾರ ಬರಲಿಲ್ಲ. ಕೇಳಿದ್ರ "ಗ್ರಾಂಟ್ ಬಂದಿಲ್ಲ".

ನಮ್ಮ ಕಾಕಾನ ಮಗ ಲೈನ್‌ಮನ್ ಅದಾನ, ಅವಂಗ ಯೂನಿಯನ್ ಐತಿ. ಸ್ವಾದರಮಾವ ಬ್ಯಾಂಕಿನ್ಯಾಗ ಇದ್ದಾಂವ, ಅವಂಗೂ ಇತ್ತು. ಅವ್ವ ಕೇಳ್ತಾಳ, "ನಿಮ್ಮಂದಿಗೆ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನೋ?" ಅಂತ. ನಂಗ ಉತ್ತರ ಗೊತ್ತಿಲ್ಲ. ನಮ್ಮಂಥವ್ರಿಗೆ ಸಂಘ ಅಂತ ಏನರ ಐತೇನ್ರಿ? ಇದ್ರ ಅದು ಪಗಾರ ಕೇಳೂ ಸಂಘನೋ, ಸೆಮಿನಾರ್ ಮಾಡೂ ಸಂಘನೋ? ಇಲ್ಲಂದ್ರ ನಾವ ಒಂದು ಕಟ್ಟಬಹುದೇನು?

ಉಣಕಲ್_ಏರಿ
ಪಗಾರ ಬಂತಾ ಈಗರೆ?

ಮಳಿಮಾಪಕ
ಮೂರು ತಿಂಗಳದ್ದು ಬಂತ್ರಿ. ಒಂದು ಇನ್ನೂ 'ಪ್ರೊಸೆಸ್'ನ್ಯಾಗ ಐತಿ.

ಸಾಧನಕೇರಿ_ರಿಟೈರ್ಡ್
ತಮ್ಮಾ, ಸೆಮಿನಾರ್ ಮಾಡೂ ಸಂಘಕ್ಕ ಬರಗಾಲ ಇಲ್ಲ. ಭಾರತೀಯ ಹವಾಮಾನ ಸೊಸೈಟಿ 1956ರಿಂದ ಅದ, ದಿಲ್ಲಿಯೊಳಗ. 'ವಾಯುಮಂಡಲ' ಅಂತ ಅದರ ಪತ್ರಿಕಾ. ಕೃಷಿ ಹವಾಮಾನದವರ ಸಂಘ ಬ್ಯಾರೆ, ಅದು 1999ರಾಗ ಗುಜರಾತಿನ ಆನಂದದಾಗ ಹುಟ್ಟಿದ್ದು. ಅವರದೂ ಒಂದು ಜರ್ನಲ್ ಅದ, ಒಳ್ಳೇದ ಅದ. ಮಣ್ಣಿನವರಿಗೆ ಬ್ಯಾರೆ, ಕಾಡಿನವರಿಗೆ ಬ್ಯಾರೆ, ನೀರಿನವರಿಗೆ ಬ್ಯಾರೆ. ನಾನು ನಾಕರಾಗ ಆಜೀವ ಸದಸ್ಯ ಇದ್ದೀನಿ.

ಏನ್ ಸಿಕ್ತು ಅಂತ ಕೇಳ್ತೀರಿ. ಪೇಪರ್ ಓದಾಕ ಒಂದು ವೇದಿಕೆ, ಬ್ಯಾರೆ ಊರಿನವರ ಪರಿಚಯ, ಇಂಥಾವ್ರು ಇಂಥಾದ್ದು ಮಾಡ್ಲಿಕತ್ಯಾರ ಅನ್ನೂ ಖಬರು. ಇದನ್ನ ನಾನು ಹಗುರ ಮಾಡಿ ಹೇಳೂದಿಲ್ಲ, ವಿಜ್ಞಾನ ನಡಿಯೂದ ಹಂಗ. ಮತ್ತ ಸೆಮಿನಾರ್ ಬ್ಯಾಗ್. ನಮ್ಮ ಮನ್ಯಾಗ ಹದಿನಾಕ ಅದಾವ. ನಮ್ಮಾಕಿ ಸಂತಿಗೆ ಒಯ್ತಾಳ. ಹಿಡಿಕಿ ಗಟ್ಟಿ ಇರ್ತಾವ.

ಆದ್ರ ಯಾವ ಸೊಸೈಟಿನೂ ಯಾರದೇ ಪಗಾರದ ಸಲುವಾಗಿ ಒಂದು ಪತ್ರ ಬರದದ್ದು ನಾ ಕಂಡಿಲ್ಲ.

ಬೆಂಗಳೂರಾಗ_ಬಾಡಿಗಿ
ಅಂತರರಾಷ್ಟ್ರೀಯ ಯೂನಿಯನ್ ಸೇರ್ರಿ. ಅಮೆರಿಕನ್ ಜಿಯೊಫಿಸಿಕಲ್ ಯೂನಿಯನ್ ಅಂತ ಐತಿ, 1919ರದ್ದು, ಜಗತ್ತಿನ ಹವಾಮಾನ ವಿಜ್ಞಾನಿಗಳೆಲ್ಲಾ ಅದರಾಗ ಅದಾರ. ವಿದ್ಯಾರ್ಥಿಗಳಿಗೆ ಫೀ ಕಡಿಮಿ.

ಕಪ್ಪತಗುಡ್ಡ_ಗಾಳಿ
ಅಣ್ಣಾರ, ಅದರ ಹೆಸರಿನ್ಯಾಗಷ್ಟ ಯೂನಿಯನ್ ಐತಿ 😄 ಅದೂ ಸೆಮಿನಾರ್ ಸಂಘನ. ಯುರೋಪಿಯನ್ ಜಿಯೊಸೈನ್ಸಸ್ ಯೂನಿಯನ್ನೂ ಹಂಗ. 'ಯೂನಿಯನ್ ಆಫ್ ಕನ್ಸರ್ನ್ಡ್ ಸೈಂಟಿಸ್ಟ್ಸ್' ಅಂತ ಇನ್ನೊಂದೈತಿ, 1969ರದ್ದು, ಅದೂ ಕಾರ್ಮಿಕ ಸಂಘ ಅಲ್ಲ, ಜನರ ಪರವಾಗಿ ದನಿ ಎತ್ತೂ ಸಂಸ್ಥೆ. ಈ ಹೆಸರಿನ ಗೊಂದಲದಾಗ ನಾನೂ ಬಿದ್ದಿದ್ದೆ. ಫೆಲೋಶಿಪ್ ತಡ ಆದಾಗ ಇವರಿಗೆ ಮೇಲ್ ಮಾಡಬೇಕು ಅಂತ ಡ್ರಾಫ್ಟ್ ಬರದು ಇಟ್ಟಿದ್ದೆ. ಗೈಡ್ ನೋಡಿ ನಕ್ಕಿದ್ದ ನಕ್ಕಿದ್ದು.

ಬೆಂಗಳೂರಾಗ_ಬಾಡಿಗಿ
ಆರು ವರ್ಷ ಸದಸ್ಯ ಇದ್ದೀನಿ ಮಾರಾಯ. ಇವತ್ತ ಗೊತ್ತಾತು.

ತುಂಗಾತೀರ
ನಾನು ಶಿವಮೊಗ್ಗದವಳು, ಅಭಿಪ್ರಾಯ ಹೇಳಬಹುದಲ್ವಾ? ನನಗನ್ನಿಸೋದು ನಮಗೆ ಬೇಕಿರೋದು ಈ ಎರಡೂ ಅಲ್ಲ, ಮೂರನೇದು. ವಕೀಲರಿಗೆ 1961ರ ಕಾಯ್ದೆ ಇದೆ, ಬಾರ್ ಕೌನ್ಸಿಲ್ ಇದೆ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ. ನೋಂದಣಿ ಇಲ್ಲದೆ ಬೋರ್ಡ್ ಹಾಕೋ ಹಾಗಿಲ್ಲ. ಪರಿಸರ ವಿಜ್ಞಾನಿ ಅಂತ ಮಾತ್ರ ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಇಐಎ (ಯೋಜನೆಗೆ ಮೊದಲು ಮಾಡೋ ಪರಿಸರ ಪರಿಣಾಮದ ಅಧ್ಯಯನ) ಮಾಡೋ ಕನ್ಸಲ್ಟನ್ಸಿಗಳಿಗೆ ನ್ಯಾಬೆಟ್ ಅನ್ನೋ ಮಂಡಳಿಯ ಮಾನ್ಯತೆ ಇದೆ, ಸರಿ. ಅದರಲ್ಲಿ ಗಾಳಿಗೆ ಒಬ್ಬರು, ನೀರಿಗೆ ಒಬ್ಬರು, ಜೀವವೈವಿಧ್ಯಕ್ಕೆ ಒಬ್ಬರು ಅಂತ ತಜ್ಞರ ಹೆಸರು ಇರಬೇಕು. ಆದರೆ ಆ ಮಾನ್ಯತೆ ನಿಂತಿರೋದು ಕಂಪನಿಯ ಮೇಲೆ. ಆ ತಜ್ಞನ ಬೆನ್ನಿಗೆ ನಿಲ್ಲೋ ಕೌನ್ಸಿಲ್ ಅಂತ ಯಾವುದೂ ಇಲ್ಲ.

ಜುಬಿಲಿ_ಲ್ಯಾಬ್
ಒಬ್ಬ ಮಾಲಕನ ಮಾತೂ ಕೇಳ್ರಿ. ನಂದು ಸಣ್ಣ ಲ್ಯಾಬು, ಆರು ಮಂದಿ ಹುಡುಗ್ರು. ಮಾನ್ಯತಾ ಫೀ, ಉಪಕರಣದ ಕ್ಯಾಲಿಬ್ರೇಶನ್, ಬಾಡಿಗಿ, ಕೆಮಿಕಲ್ಲು. ಗಿರಾಕಿ ರೊಕ್ಕ ಕೊಡೂದು ತೊಂಬತ್ತು ದಿನಕ್ಕ, ಅದೂ ನಾಕು ಸಲ ಫೋನ್ ಹಚ್ಚಿದ ಮ್ಯಾಲೆ. ನಾನು ನನ್ನ ಹೆಂಡತಿ ಬಂಗಾರ ಇಟ್ಟು ಪಗಾರ ಕೊಟ್ಟ ತಿಂಗಳಾನೂ ಅದಾವ. ಯೂನಿಯನ್ ಅಂತ ಬಾವುಟ ಹಿಡದ್ರ ಮೊದಲ ಬಾಗಿಲಾ ಹಾಕಾವ್ರು ನಮ್ಮಂಥಾ ಸಣ್ಣಾವ್ರು. ದೊಡ್ಡ ಕಂಪನಿ ಹೈದರಾಬಾದಿಂದ ಬಂದು ಸ್ಯಾಂಪಲ್ ಒಯ್ತಾವ, ನಿಮ್ಮ ಕೆಲಸಾನೂ ಅಲ್ಲಿಗೇ ಹೋಗ್ತದ.

ಶಾಲ್ಮಲಾ
ಮ್ಯಾಲಿನ ಸರ್ ಹೇಳಿದ್ರೊಳಗ ಸುಳ್ಳಿಲ್ಲ. ಆದ್ರ ಇನ್ನೊಂದು ಮಗ್ಗಲಾ ನಾ ಹೇಳ್ತೀನಿ.

ಆರು ವರ್ಷದ ಹಿಂದ ನಾನು ಒಂದು ಕಡೆ ಗಾಳಿ ಮಾಪನಕ್ಕ ಇದ್ದೆ. ಇಐಎಗೆ ಮಳಿಗಾಲ ಬಿಟ್ಟು ಒಂದು ಹಂಗಾಮಿನ ಡೇಟಾ ಬೇಕು. ವಾರಕ್ಕ ಎರಡು ದಿನ, ಇಪ್ಪತ್ನಾಕು ತಾಸು ಧೂಳಿನ ಸ್ಯಾಂಪ್ಲರ್ ಓಡಬೇಕು. ನಾವು ಅದನ್ನ ಒಂದು ಹಳ್ಳಿ ಸಾಲಿ ಮಾಳಗಿ ಮ್ಯಾಲೆ ಇಟ್ಟಿದ್ವಿ. ರಾತ್ರಿ ಕರೆಂಟ್ ಹ್ವಾತು. ಜನರೇಟರಿಗೆ ಡೀಸಲ್ ಇಲ್ಲ. ಡ್ರೈವರ್ ಅಣ್ಣ ಹದಿನೆಂಟು ಕಿಲೋಮೀಟರ್ ದೂರದ ಬಂಕಿಗೆ ಹೋಗಿ ಬರೂದ್ರೊಳಗ ಒಂಬತ್ತು ತಾಸು ಮಷೀನ್ ಬಂದ್. ನಾನು ಫೀಲ್ಡ್ ಶೀಟಿನ್ಯಾಗ 'ಹದಿನೈದು ತಾಸು' ಅಂತ ಬರದೆ. ಆಫೀಸಿನ್ಯಾಗ 'ಇಪ್ಪತ್ನಾಕು ಮಾಡು' ಅಂದ್ರು. ನಾನು ಮತ್ತೊಂದು ದಿನ ಹೋಗಿ ತಗೊಂಡ್ ಬರ್ತೀನಿ ಅಂದೆ. ಗಾಡಿ ಖರ್ಚು ಯಾರು ಕೊಡಾವ್ರು ಅಂದ್ರು. ನಾನು ಶೀಟ್ ತಿದ್ದಲಿಲ್ಲ.

ಯಾರೂ ಬೈಲಿಲ್ಲ. ಯಾರೂ ನೋಟಿಸ್ ಕೊಡಲಿಲ್ಲ. ಮುಂದಿನ ತಿಂಗಳು ನನ್ನ ಕರಾರು ಮುಗೀತು, ರಿನ್ಯೂ ಆಗಲಿಲ್ಲ, ಅಷ್ಟ. ರಿಪೋರ್ಟಿನ್ಯಾಗ ಆ ದಿನದ್ದು ಏನ್ ಬರದ್ರೋ ನಂಗ ಇವತ್ತಿಗೂ ಗೊತ್ತಿಲ್ಲ. ನನ್ನ ಹೆಸರು ಮಾತ್ರ ಅದರಾಗ ಇತ್ತಂತ.

ಈಗ ಹೇಳ್ರಿ, ಇದು ಪಗಾರದ ಪ್ರಶ್ನೇನೋ, ವಿಜ್ಞಾನದ ಪ್ರಶ್ನೇನೋ? ಸೆಮಿನಾರ್ ಸಂಘಕ್ಕ ಹೋಗ್ಲಾ, ಯೂನಿಯನ್ನಿಗೆ ಹೋಗ್ಲಾ?

ಉಣಕಲ್_ಏರಿ
ಅಕ್ಕಾರ 🙏

ಜುಬಿಲಿ_ಲ್ಯಾಬ್
ಅದು ತಪ್ಪ, ನಾನೇನ್ ಸಮರ್ಥನಿ ಮಾಡ್ಲಿಕ್ಕೆ ಬಂದಿಲ್ಲ. ಆದ್ರ ಅಕ್ಕಾರ, ಆ ಡೀಸಲ್ ರೊಕ್ಕ ಯಾರು ಕೊಡಬೇಕು ಅನ್ನೂದನ್ನೂ ಕೇಳ್ರಿ. ಯೋಜನಾ ಹಾಕಾವಾನ ಅಧ್ಯಯನದ ರೊಕ್ಕಾನೂ ಕೊಡ್ತಾನ. 2006ರ ಇಐಎ ಅಧಿಸೂಚನಿ ಬಂದಾಗಿಂದ ನಡದದ್ದು ಹಿಂಗ. ಗಿರಾಕಿ ಕಡಿಮಿ ರೇಟಿಗೆ ಕೊಡಾವ್ರನ್ನ ಹುಡಕ್ತಾನ. ಕಡಿಮಿ ರೇಟಿನ್ಯಾಗ ಮೊದಲ ಕಟ್ ಆಗೂದ ಎರಡನೇ ಸಲದ ಗಾಡಿ ಖರ್ಚು.

ಶಾಲ್ಮಲಾ
ಹೌದಲ್ರಿ. ಅಂದ್ರ ನೀವೂ ನಾವೂ ಕೂಡಿ ಒಂದು ಕನಿಷ್ಠ ರೇಟ್ ಕೇಳಬೇಕಲ್ಲ? ನೀವು ನಮ್ಮ ಎದುರಿಗೆ ಯಾಕ ನಿಂತೀರಿ?

ಲ್ಯಾಮಿಂಗ್ಟನ್_ರೋಡ್_ವಕೀಲ
ಕಾನೂನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಇಲ್ಲಿ ಎರಡು ಕಾಯ್ದೆ ಕಲಸಿ ಸಾರು ಆಗ್ಯದ.

ಸೊಸೈಟಿ ಬೇಕಂದ್ರ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಏಳು ಮಂದಿ ಸಾಕು. ಬೈಲಾ ಬರದು ಜಿಲ್ಲಾ ನೋಂದಣಾಧಿಕಾರಿ ಕಡೆ ಕೊಟ್ರ ಆತು. ಸಭಾ ಮಾಡಬಹುದು, ಪತ್ರಿಕಾ ತೆಗಿಬಹುದು, ಮಂತ್ರಿಗೆ ಮನವಿ ಕೊಡಬಹುದು. ಆದ್ರ ಮಾಲಕನ್ನ ಕುಂಡ್ರಿಸಿ ಚೌಕಾಶಿ ಮಾಡೂ ಬಲ ಅದಕ್ಕ ಇಲ್ಲ.

ಆ ಬಲ ಇರೂದು ಟ್ರೇಡ್ ಯೂನಿಯನ್ನಿಗೆ. 1926ರ ಕಾಯ್ದೆಯೊಳಗೂ ಏಳು ಮಂದಿ ಸಾಕಿತ್ತು. 2001ರ ತಿದ್ದುಪಡಿ ಒಂದು ಗಂಟು ಹಾಕಿತು: ಅರ್ಜಿ ಏಳು ಮಂದಿ ಹಾಕ್ರಿ, ಆದ್ರ ಆ ಸಂಸ್ಥೆ ಇಲ್ಲಾ ಆ ಉದ್ಯಮದಾಗಿನ ಶೇ. 10 ಅಥವಾ 100 ಮಂದಿ, ಯಾವುದು ಕಡಿಮಿಯೋ ಅಷ್ಟು, ಸದಸ್ಯರಿರಬೇಕು. 2025ರ ನವೆಂಬರ್ 21ಕ್ಕ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೊಳಗೂ ಇದ ಲೆಕ್ಕ ಉಳದದ.

ಖರೇ ತೊಡಕು ಬ್ಯಾರೆ. ನೀವು 'ಕಾರ್ಮಿಕ' ಹೌದೋ ಅಲ್ಲೋ? 1978ರ ಬೆಂಗಳೂರು ನೀರು ಸರಬರಾಜು ಮಂಡಳಿ ತೀರ್ಪಿನ್ಯಾಗ ಸುಪ್ರೀಂ ಕೋರ್ಟು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ ಸೈತ 'ಉದ್ಯಮ' ಅಂತು. ಹತ್ತು ವರ್ಷ ಆದ ಮ್ಯಾಲೆ, 1988ರಾಗ, ಗೋವಾದ ಒಬ್ಬ ಶಿಕ್ಷಕಿ ಪ್ರಕರಣದಾಗ ಸಾಲಿ ಉದ್ಯಮ ಇರಬಹುದು, ಆದ್ರ ಶಿಕ್ಷಕರು ಕಾರ್ಮಿಕರಲ್ಲ ಅಂತು. ಮನಿ ನಿಂದ, ಆದ್ರ ನೀ ಮನಿಯವನಲ್ಲ ಅಂದಂಗ. ವಿಜ್ಞಾನಿ ಈ ಎರಡರ ನಡುವ ಸಿಕ್ಕೊಂಡಾನ. ಲ್ಯಾಬ್ ಅನಲಿಸ್ಟು, ಫೀಲ್ಡ್ ಅಸಿಸ್ಟಂಟ್ ಆದ್ರ 'ತಾಂತ್ರಿಕ ಕೆಲಸ' ಅಂತ ವಾದ ಮಾಡಬಹುದು, ಗಟ್ಟಿನೂ ನಿಲ್ತದ. ಯೂನಿಯನ್ ಕಟ್ಟೂ ಮಟ್ಟಿಗಂತೂ ಸಂಹಿತೆ ಬಾಗಲಾ ಇನ್ನೂ ದೊಡ್ಡದ ಇಟ್ಟದ, ಉದ್ಯಮದಾಗ ಕೆಲಸ ಮಾಡೂ ಎಲ್ಲಾರೂ ಬರ್ತಾರ. ಆದ್ರ 'ಉದ್ಯಮ' ಅನ್ನೂ ಬಾಗಲಾ ಸಣ್ಣದ ಮಾಡ್ಯದ. ಧರ್ಮಾರ್ಥ, ಸಮಾಜಸೇವಾ ಸಂಸ್ಥೆಗಳು ಹೊರಗ. ಬಾಹ್ಯಾಕಾಶ, ಅಣುಶಕ್ತಿ, ರಕ್ಷಣಾ ಸಂಶೋಧನಾ ಇಲಾಖೆಗಳೂ ಹೊರಗ.

ಕಪ್ಪತಗುಡ್ಡ_ಗಾಳಿ
ಅಂದ್ರ ಎನ್‌ಜಿಒ ಅಂತ ಬೋರ್ಡ್ ಹಾಕ್ಕೊಂಡು ಗಾಳಿಯಂತ್ರದ ಕಂಪನಿಗಳಿಗೆ ಹಕ್ಕಿ ಎಣಸಿ ಕೊಡೂ ಸಂಸ್ಥೆಯೊಳಗ ದುಡಿಯಾವ್ರು?

ಲ್ಯಾಮಿಂಗ್ಟನ್_ರೋಡ್_ವಕೀಲ
ಅವರು ಮೊದಲ ತಾವು ಸೇವಾ ಮಾಡಾಕತ್ತಿಲ್ಲ, ದುಡಿಯಾಕತ್ತೀವಿ ಅಂತ ಸಾಬೀತು ಮಾಡಬೇಕು 🙂

ಕಪ್ಪತಗುಡ್ಡ_ಗಾಳಿ
ಇದು ನಗೂ ಮಾತಲ್ಲ ಸರ್. ಗದಗದಾಗ ಪಂಖಾಗಳು ಎಷ್ಟು ನಿಂತಾವ ನೋಡ್ರಿ. ಪವನ ವಿದ್ಯುತ್ತಿಗೆ ಇಐಎ ಬೇಕಾಗಿಲ್ಲ, ಅಧಿಸೂಚನಿಯೊಳಗ ಅದು ಬರಂಗಿಲ್ಲ. ಹಿಂಗಾಗಿ ಹಕ್ಕಿ ಸರ್ವೇ ಆದ್ರ ಆತು, ಇಲ್ಲಂದ್ರ ಇಲ್ಲ. ಕಪ್ಪತಗುಡ್ಡ 2019ರಾಗ ವನ್ಯಜೀವಿ ಧಾಮ ಆತು, 244 ಚದರ ಕಿಲೋಮೀಟರ್. ಅದು ಆಗಾಕ ತೋಂಟದ ಸಿದ್ಧಲಿಂಗ ಅಜ್ಜಾರು, ಊರಿನ ಮಂದಿ ಬೀದಿಗೆ ಇಳಿಬೇಕಾತು. ಅಜ್ಜಾರು ಅದನ್ನ ಕಣ್ಣಿಲೆ ನೋಡಲಿಲ್ಲ, 2018ರಾಗ ಲಿಂಗೈಕ್ಯರಾದ್ರು.

ಸಾಧನಕೇರಿ_ರಿಟೈರ್ಡ್
ಇದಕ್ಕ ಹೋದ್ರ ನಮ್ಮ ಅಖಂಡ ಧಾರವಾಡ ಜಿಲ್ಲಾದಾಗ ಪರಿಸರದ ಹೋರಾಟ ಹೊಸಾದಲ್ಲ. ಸಮಾಜ ಪರಿವರ್ತನ ಸಮುದಾಯ 1984ರಾಗ ಧಾರವಾಡದಾಗ ಶುರು ಆತು. ತುಂಗಭದ್ರಾ ನೀರು ಹೊಲಸಾದ ಪ್ರಶ್ನಾ ಎತ್ತಿದವ್ರು ಅವರು. 1987ರ ನವೆಂಬರ್ 14ಕ್ಕ ಕುಸನೂರಾಗ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. ನೀಲಗಿರಿ ಸಸಿ ಕಿತ್ತು, ಜನರಿಗೆ ಬೇಕಾದ ಗಿಡ ಹಚ್ಚಿದ್ರು. ಆವಾಗ ಕುಸನೂರು ಧಾರವಾಡ ಜಿಲ್ಲಾದಾಗ ಇತ್ತು, 1997ರಾಗ ಹಾವೇರಿಗೆ ಹ್ವಾತು. ಹೈಸ್ಕೂಲ್ ಮಾಸ್ತರು, ಕಾಲೇಜಿನ ವಿಜ್ಞಾನದವ್ರು ರವಿವಾರ ಬಸ್ ಹತ್ತಿ ಹೋಗ್ತಿದ್ರು.

ಬೆಂಗಳೂರಾಗ_ಬಾಡಿಗಿ
ಸರ್, ಅದು ಚಳವಳಿ. ಇವ್ರು ಕೇಳಾಕತ್ತಿದ್ದು ನೌಕರರ ಸಂಘ. ಎರಡೂ ಕಲಸಿದ್ರ ಎರಡೂ ಕೆಡ್ತಾವ. ನಾಳೆ ಯೂನಿಯನ್ ಅಂತ ಹೋಗಿ ಗಣಿ ಬ್ಯಾಡ, ಪಂಖಾ ಬ್ಯಾಡ ಅಂತ ನಿಂತ್ರ, "ನಿಮ್ಮ ಡೇಟಾ ಪಕ್ಷಪಾತದ್ದು" ಅಂತ ಮೊದಲನೇ ದಿನಾನ ಹೊಡೀತಾರ.

ಸಾಧನಕೇರಿ_ರಿಟೈರ್ಡ್
ಅದೂ ಖರೇ. ಆದ್ರ ವಿಜ್ಞಾನಿಗಳ ಯೂನಿಯನ್ ಅನ್ನೂ ವಿಚಾರ ನಮ್ಮ ದೇಶಕ್ಕ ಹೊಸಾದಲ್ಲ, ಇದನ್ನ ತಿಳಕೋರಿ. ಸ್ವಾತಂತ್ರ್ಯದ ಹೊತ್ತಿಗೆ ವೈಜ್ಞಾನಿಕ ಕಾರ್ಮಿಕರ ಸಂಘ ಅಂತ ಒಂದು ಹುಟ್ಟಿತ್ತು, ಅದಕ್ಕ ನೆಹರೂ ಅಧ್ಯಕ್ಷರಾಗಿದ್ರು. 'ಕಾರ್ಮಿಕ' ಅನ್ನೂ ಶಬ್ದ ನೋಡ್ರಿ. ಆವಾಗ ಯಾರಿಗೂ ಅದು ಹಗುರ ಅನ್ನಿಸಿರಲಿಲ್ಲ. ನಮ್ಮ ಕಾಲಕ್ಕ ಬಂದಾಗ ಡಾಕ್ಟರೇಟ್ ಆದಾಂವ ತನ್ನನ್ನ ಕಾರ್ಮಿಕ ಅಂದ್ಕೊಳ್ಳಾಕ ನಾಚಾಕ ಹತ್ತಿದ. ನಾನೂ ನಾಚಿದಾವ್ನ.

ಡಬ್ಬಿ_ಮೆಣಸಿನಕಾಯಿ
ನಾನು ವಿಜ್ಞಾನಿ ಅಲ್ಲ, ಬ್ಯಾಡಗಿ ಕಡೆ ಒಕ್ಕಲಿಗ. ಹುಡುಗ ತೋರಿಸಿದಾ ಅಂತ ಓದಾಕತ್ತೀನಿ. ನಮಗ ಹವಾಮಾನದ ಸಲಹಿ ಕೊಡಾಕ ಒಬ್ಬಾಕಿ ಹುಡುಗಿ ಇದ್ಲು. ಮಂಗಳವಾರ, ಶುಕ್ರವಾರ ವಾಟ್ಸಾಪಿಗೆ ಬುಲೆಟಿನ್ ಹಾಕ್ತಿದ್ಲು. ಅದರ ಮ್ಯಾಲೆ ಮತ್ತ ಫೋನ್ ಮಾಡ್ತಿದ್ಲು, "ಕಾಕಾ, ನಾಳೆ ಮೋಡ ಐತಿ, ಕಣದಾಗಿನ ಕಾಯಿ ಮುಚ್ಚಿ ಬಿಡ್ರಿ" ಅಂತ. ಒಂದು ಸಲ ಆಕಿ ಮಾತು ಕೇಳಿ ತಾಡಪತ್ರಿ ಹೊಚ್ಚಿದ್ದಕ್ಕ ಇಪ್ಪತ್ತು ಚೀಲ ಉಳದಾವ. ಬಾಜೂ ಹೊಲದಾಂವಂದು ಕಪ್ಪಾಗಿ ಹ್ವಾತು. ಈಗ ಆಕಿ ಇಲ್ಲ. ಕೆಲಸ ತಗದ್ರಂತ. ಯಾಕ ತಗದ್ರು?

ಮಳಿಮಾಪಕ
ಕಾಕಾರ, ಅದು ಡಾಮು ಘಟಕದ್ದಿರಬೇಕು. ಜಿಲ್ಲಾ ಕೃಷಿ ಹವಾಮಾನ ಘಟಕ ಅಂತ 2018ರಿಂದ ಕೃಷಿ ವಿಜ್ಞಾನ ಕೇಂದ್ರಗಳೊಳಗ ಶುರು ಮಾಡಿದ್ರು. ದೇಶದಾಗ 199 ಇದ್ವು. ತಾಲೂಕು ಮಟ್ಟದ ಸಲಹಿ ಅವರ ಬರೀತಿದ್ರು. 2024ರ ಜನೇವರಿಯೊಳಗ ಪತ್ರ ಬಂತು, ಮಾರ್ಚಿಗೆ ಎಲ್ಲಾ ಬಂದ್. ಎಲ್ಲಾರೂ ಕರಾರಿನವ್ರು. ಅದರಾಗ ನನ್ನ ಮೂರು ಮಂದಿ ಗೆಳ್ಯಾರು ಇದ್ರು. ಒಬ್ಬಾಂವ ಈಗ ಬೀಜದ ಕಂಪನಿಯೊಳಗ ಸೇಲ್ಸು. ಒಬ್ಬಾಕಿ ಬಿ.ಎಡ್. ಮಾಡಾಕತ್ಯಾಳ. ಇನ್ನೊಬ್ಬಾಂವ ಊರಾಗ ಎಮ್ಮಿ ಕಟ್ಯಾನ, ಅವನ ಎಲ್ಲಾರಿಗಿಂತ ಆರಾಮದಾನ.

ನಂಗ ಈ ಸಂಘದ ವಿಚಾರ ಬಂದದ್ದ ಆವಾಗ. 199 ಘಟಕ ಬಂದ್ ಆದಾಗ ಒಂದು ಸೊಸೈಟಿ, ಒಂದು ಯೂನಿಯನ್ ಅವರ ಮನಿ ಬಾಗಲಾ ಬಡೀಲಿಲ್ಲ. ಅವರ ಅವರವರೊಳಗ ವಾಟ್ಸಾಪ್ ಗುಂಪು ಮಾಡ್ಕೊಂಡು, ಅರ್ಜಿ ಬರಕೊಂಡು, ದಿಲ್ಲಿಗೆ ಚಂದಾ ಹಾಕ್ಕೊಂಡು ಅಡ್ಡಾಡಿದ್ರು.

ಡಬ್ಬಿ_ಮೆಣಸಿನಕಾಯಿ
ನಮ್ಮನ್ನ ಒಂದು ಮಾತು ಕೇಳಬೇಕಿತ್ತು. ನಾವೂ ಸಹಿ ಹಾಕ್ತಿದ್ವಿ.

ಶಾಲ್ಮಲಾ
ಇದನ್ನ ಯಾರೂ ವಿಚಾರ ಮಾಡಿಲ್ಲ ನೋಡ್ರಿ. ರೈತರ ಸಹಿ!

ತುಂಗಾತೀರ
ಹೊರಗಿನ ಒಂದು ಉದಾಹರಣೆ. ಕೆನಡಾದಲ್ಲಿ ಸರ್ಕಾರಿ ವಿಜ್ಞಾನಿಗಳಿಗೆ 1920ರಿಂದ ಒಂದು ಯೂನಿಯನ್ ಇದೆ. ಹಾರ್ಪರ್ ಪ್ರಧಾನಿಯಾಗಿದ್ದಾಗ ಹವಾಮಾನ ವಿಜ್ಞಾನಿಗಳು ಪತ್ರಕರ್ತರ ಜೊತೆ ಮಾತಾಡೋದಕ್ಕೇ ಮೇಲಿನವರ ಅನುಮತಿ ಬೇಕಿತ್ತು. ಆ ಯೂನಿಯನ್ 2013ರಲ್ಲಿ ಸದಸ್ಯರ ಸಮೀಕ್ಷೆ ಮಾಡಿ ಎಷ್ಟು ಜನರ ಬಾಯಿ ಕಟ್ಟಿದ್ದಾರೆ ಅಂತ ಹೊರಗೆ ಹಾಕ್ತು. ಕೊನೆಗೆ 2016ರ ಹೊತ್ತಿಗೆ ಸಂಬಳ, ರಜೆ ಜೊತೆಗೇ ತಮ್ಮ ಸಂಶೋಧನೆ ಬಗ್ಗೆ ಮಾತಾಡೋ ಹಕ್ಕನ್ನೂ ಒಪ್ಪಂದದೊಳಗೆ ಬರೆಸಿಕೊಂಡರು. ಬ್ರಿಟನ್ನಿನ ಹವಾಮಾನ ಇಲಾಖೆ, ಮೆಟ್ ಆಫೀಸಿನವರೂ ಪ್ರಾಸ್ಪೆಕ್ಟ್ ಅನ್ನೋ ಯೂನಿಯನ್ನಿನಲ್ಲಿದ್ದಾರೆ. ಶಾಲ್ಮಲಾ ಅವರ ಹದಿನೈದು ತಾಸಿನ ಕಥೆಗೂ ಇದಕ್ಕೂ ಸಂಬಂಧ ಇದೆ ಅಂತ ನನಗನ್ನಿಸುತ್ತೆ.

ಬೆಂಗಳೂರಾಗ_ಬಾಡಿಗಿ
ಅಮೆರಿಕಾದ್ದೂ ಹೇಳ್ರಿ ಮತ್ತ. ಅಲ್ಲಿ ಪರಿಸರ ಸಂರಕ್ಷಣಾ ಏಜೆನ್ಸಿಯೊಳಗ ಯೂನಿಯನ್ ಇತ್ತು, ವೆದರ್ ಸರ್ವಿಸಿನ್ಯಾಗೂ ಇತ್ತು. 2025ರ ಮಾರ್ಚಿನ್ಯಾಗ ಒಂದು ಆದೇಶ, ಆಗಸ್ಟಿನ್ಯಾಗ ಇನ್ನೊಂದು. ಅಧ್ಯಕ್ಷನ ಒಂದು ಸಹಿ, ಚೌಕಾಶಿ ಹಕ್ಕು ಹ್ವಾತು. ಕಾಗದದಾಗಿನ ಹಕ್ಕು ಕಾಗದದಷ್ಟ ತೂಕ.

ಕಪ್ಪತಗುಡ್ಡ_ಗಾಳಿ
ಆದ್ರೂ ಗದ್ದಲ ಮಾಡಿದ್ರ ಏನರ ಸಿಗತೈತಿ. ಜೆಆರ್‌ಎಫ್ (ಪಿಎಚ್.ಡಿ. ಮಾಡಾವ್ರ ತಿಂಗಳ ಫೆಲೋಶಿಪ್) 31 ಸಾವಿರ ಇದ್ದದ್ದು 2023ರಾಗ 37 ಸಾವಿರ ಆತು. ದೇಶ ತುಂಬ ರಿಸರ್ಚ್ ಸ್ಕಾಲರ್‌ಗಳು ಬೀದಿಗಿಳದು ಕೇಳಿದ ಮ್ಯಾಲೆ ಆದದ್ದು. ಅವರದು ನೋಂದಣಿ ಆದ ಯೂನಿಯನ್ನೇನ್ ಅಲ್ಲ. ಇನ್ನು ಎಚ್‌ಆರ್‌ಎ (ಮನಿ ಬಾಡಿಗಿ ಭತ್ಯೆ) ಕಥಿ ಬ್ಯಾರೆ, ಅದನ್ನ ಊರಿನ ವರ್ಗ ನೋಡಿ ಕೊಡ್ತಾರ. ಹುಬ್ಬಳ್ಳಿ-ಧಾರವಾಡ ವೈ ವರ್ಗ, ಗದಗ ಝಡ್. ನಾ ಗದಗದವ, ನಂಗ ಕಡಿಮಿ. ಬಾಡಿಗಿ ಮಾತ್ರ ಓನರ್ ವೈ ಲೆಕ್ಕದಾಗ ತಗೋತಾನ.

ಉಣಕಲ್_ಏರಿ
ಗದಗಿನವ್ರು ಯಾವಾಗಲೂ ಝಡ್ 😂

ಕಪ್ಪತಗುಡ್ಡ_ಗಾಳಿ
ಬಾಯಿ ಮುಚ್ಚೋ. ಸಹಕಾರಿ ಸಂಘ ಅನ್ನೂದನ್ನ ದೇಶಕ್ಕ ಕಲಿಸಿದ್ದ ನಮ್ಮ ಕಣಗಿನಹಾಳ. 1905. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಸಂಘ ಕಟ್ಟೂದು ಹೆಂಗ ಅಂತ ಕೇಳಾಕ ನೀವು ನಮ್ಮೂರಿಗೆ ಬರಬೇಕು.

ಸಾಧನಕೇರಿ_ರಿಟೈರ್ಡ್
ಕರ್ನಾಟಕ ವಿದ್ಯಾವರ್ಧಕ ಸಂಘ 1890. ಹದಿನೈದು ವರ್ಷ ಮೊದಲ. ಧಾರವಾಡ. ಸುಮ್ನ ನೆನಪು ಮಾಡಿದೆ.

ನಿರ್ವಾಹಕ
ಗದಗ-ಧಾರವಾಡ ಜಗಳಕ್ಕೆ ಬೇರೆ ಎಳೆ ಇದೆ. ಅಲ್ಲಿ ಗಿರಮಿಟ್ ವಿಷಯವೂ ಇನ್ನೂ ಮುಗಿದಿಲ್ಲ. ದಯವಿಟ್ಟು ವಿಷಯಕ್ಕೆ ಬನ್ನಿ.

ಜುಬಿಲಿ_ಲ್ಯಾಬ್
ಸಂಘ ಕಟ್ಟೂದು ಸಸಾರ, ನಡಸೂದು ತ್ರಾಸು. ನಾವು ಪಕ್ಷಿ ನೋಡಾವ್ರು ಏಳು ಮಂದಿ ಕೂಡಿ ಒಂದು ಸೊಸೈಟಿ ಮಾಡಿದ್ವಿ. ರಬ್ಬರ್ ಸ್ಟಾಂಪು, ಲೆಟರ್‌ಹೆಡ್ಡು, ಲೋಗೋದಾಗ ನೀಲಕಂಠ. ಎರಡನೇ ವರ್ಷ ಖಜಾಂಚಿಗೆ ಪುಣೆಯೊಳಗ ಕೆಲಸ ಸಿಕ್ತು, ಲೆಕ್ಕದ ಪುಸ್ತಕಾನೂ ಅವನ ಜೋಡಿ ಹ್ವಾತು. ವರ್ಷಾ ಸಲ್ಲಿಸೂ ಲೆಕ್ಕ ಸಲ್ಲಿಸಲಿಲ್ಲ, ನೋಟಿಸ್ ಬಂತು. ಅಧ್ಯಕ್ಷರು ಯಾರು ಅಂತ ಕೇಳಿದ್ರ ಎಲ್ಲಾರೂ ನನ್ನ ಕಡೆ ಬಟ್ಟು ತೋರಿಸಿದ್ರು. ಸ್ಟಾಂಪ್ ಇನ್ನೂ ನನ್ನ ಡ್ರಾದಾಗ ಅದ.

ಮಳಿಮಾಪಕ
ವಕೀಲ ಸಾಹೇಬ್ರ, ನಂದೊಂದು ನೇರ ಪ್ರಶ್ನಾ. ಎಂಟು ವರ್ಷ, ಹತ್ತು ಆರ್ಡರ್. ಕಾಯಂ ಮಾಡ್ರಿ ಅಂತ ಕೇಳೂ ಹಕ್ಕು ನಂಗ ಐತೋ ಇಲ್ಲೋ?

ಲ್ಯಾಮಿಂಗ್ಟನ್_ರೋಡ್_ವಕೀಲ
ಇದಕ್ಕ ಉತ್ತರ ನಮ್ಮ ಊರಿಂದನ ಶುರು ಆಗ್ತದ. 1990ರ ಸುಪ್ರೀಂ ಕೋರ್ಟ್ ತೀರ್ಪೊಂದು ಅದ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ವರ್ಸಸ್ ಕರ್ನಾಟಕ ಸರ್ಕಾರ. ಹೆಸರು ಓದ್ರಿ, ದಿನಗೂಲಿಯವರ ಒಂದು ಜಿಲ್ಲಾ ಸಂಘ. ದಿಲ್ಲಿತನಕ ಹೋಗಿ, ವರ್ಷಾನುಗಟ್ಟಲೆ ದುಡದವರನ್ನ ಹಂತ ಹಂತವಾಗಿ ಕಾಯಂ ಮಾಡೂ ಯೋಜನಾ ತಂದ್ರು. ನಾನು ವಕೀಲಿಗಿ ಕಲಿಯೂ ಮುಂದ ನಮ್ಮ ಸೀನಿಯರ್ ಇದನ್ನ ಹೆಮ್ಮಿಲೆ ಹೇಳ್ತಿದ್ರು.

ಆದ್ರ 2006ರ ಏಪ್ರಿಲ್ 10ಕ್ಕ ಉಮಾದೇವಿ ತೀರ್ಪು ಬಂತು. ಅದೂ ಕರ್ನಾಟಕದ್ದ ಪ್ರಕರಣ, ಐದು ನ್ಯಾಯಮೂರ್ತಿಗಳ ಪೀಠ. ನೇಮಕಾತಿ ನಿಯಮ ಬಿಟ್ಟು ತಗೊಂಡವರಿಗೆ ಎಷ್ಟು ವರ್ಷ ದುಡದ್ರೂ ಕಾಯಂ ಆಗೂ ಹಕ್ಕು ಇಲ್ಲ ಅಂತು. ಧಾರವಾಡದ ತೀರ್ಪನ್ನ ಹಿಡಕೊಂಡು ಎಲ್ಲಾರೂ ಕಾಯಂ ಕೇಳಾಕ ಬರಂಗಿಲ್ಲ ಅಂತನೂ ಹೇಳಿತು. ಮಂಜೂರಾದ ಹುದ್ದೆ, ಹತ್ತು ವರ್ಷದ ಸೇವಾ, ಕೋರ್ಟಿನ ತಡೆ ಇಲ್ಲದಂಗ ದುಡದವರಿಗೆ ಒಂದ ಸಲದ ರಿಯಾಯಿತಿ ಇತ್ತು. ಪ್ರಾಜೆಕ್ಟಿನವ್ರು ಅಲ್ಲೇ ಎಡವ್ತಾರ, ಯಾಕಂದ್ರ ಪ್ರಾಜೆಕ್ಟಿಗೆ ಮಂಜೂರಾದ ಹುದ್ದೆನ ಇರಂಗಿಲ್ಲ.

ಹಿಂಗಾಗಿ ಕಾಯಂ ಅನ್ನೂ ಶಬ್ದ ಮೊದಲನೇ ದಿನಾನ ಎತ್ತಬ್ಯಾಡ್ರಿ. ಪಗಾರ ತಿಂಗಳಾ ತಿಂಗಳಾ ಬರಬೇಕು, ಆರ್ಡರ್ ಕಾಪಿ ಕೈಯಾಗ ಕೊಡಬೇಕು, ಪಿಎಫ್ ಕಟ್ಟಬೇಕು, ಕರಾರು ಮುಗಿಯೂ ಮೊದಲ ಹೇಳಬೇಕು. ಇವನ್ನ ಹಿಡೀರಿ. ಹೊಸಾ ಸಂಹಿತೆಯೊಳಗ ನಿಗದಿತ ಅವಧಿ ನೌಕರರಿಗೆ ಒಂದು ವರ್ಷಕ್ಕ ಗ್ರಾಚ್ಯುಟಿ ಅಂತ ಬಂದದ, ಮೊದಲ ಐದು ವರ್ಷ ಬೇಕಿತ್ತು.

ಶಾಲ್ಮಲಾ
ಒಂದು ವರ್ಷಕ್ಕ ಗ್ರಾಚ್ಯುಟಿ, ಅದಕ್ಕ ಆರ್ಡರ್ ಹನ್ನೊಂದು ತಿಂಗಳಿಗೆ. ಏನ್ ತಲಿ ಅವ್ರದು!

ಉಣಕಲ್_ಏರಿ
ಮುಂದಿನ ರವಿವಾರ ಕೂಡೂಣ ಅಲಾ? ಬರೇ ಬರಕೋತ ಕುಂತ್ರ ಆಗೂದಿಲ್ಲ. ಉಣಕಲ್ ಕೆರಿ ದಂಡಿ?

ಬೆಂಗಳೂರಾಗ_ಬಾಡಿಗಿ
ಅಲ್ಲಿ ಸೊಳ್ಳಿ. ನವನಗರದಾಗ ಎಲ್ಲರ ನೋಡ್ರಿ, ಎರಡೂ ಊರಿನವ್ರಿಗೆ ನಡುವ ಆಗ್ತೈತಿ, ಚಿಗರಿ ಬಸ್ಸಿಂದ ಇಳದ್ರ ಆತು. ನಾ ಶನಿವಾರ ರಾತ್ರಿ ಬಸ್ಸಿಗೆ ಬರ್ತೀನಿ.

ಜುಬಿಲಿ_ಲ್ಯಾಬ್
ನನ್ನ ಲ್ಯಾಬಿನ ಮಾಳಗಿ ಮ್ಯಾಲೆ ಜಾಗಾ ಅದ. ಮೂವತ್ತು ಕುರ್ಚಿ ಹಿಡೀತಾವ. ಚಾ ನಂದು.

ಕಪ್ಪತಗುಡ್ಡ_ಗಾಳಿ
ಮಾಲಕರ ಮಾಳಗಿ ಮ್ಯಾಲೆ ಯೂನಿಯನ್ ಮೀಟಿಂಗ್ ಏನ್ರಿ?! 😂

ಜುಬಿಲಿ_ಲ್ಯಾಬ್
ರೇಟಿನ ಮಾತು ಬಂದಾಗ ನಾನೂ ಕೆಳಗಿಂದ ಮ್ಯಾಲೆ ಬರ್ತೀನಿ. ಪಗಾರದ ಮಾತು ಬಂದಾಗ ಕೆಳಗ ಇಳೀತೀನಿ. ಆತಲ್ಲ?

ಡಬ್ಬಿ_ಮೆಣಸಿನಕಾಯಿ
ನಾವೂ ಬರಬಹುದೇನ್ರಿ? ಎಂಟ ಮಂದಿ ಅದೀವಿ. ಆ ಹುಡುಗಿ ನಂಬರ್ ನನ್ನ ಕಡೆ ಐತಿ, ಆಕಿಗೂ ಹೇಳ್ತೀನಿ.

ತುಂಗಾತೀರ
ಸರ್ಕಾರಿ ಕೆಲಸದಲ್ಲಿ ಇರೋರು ಸಹಿ ಹಾಕೋ ಮೊದಲು ತಮ್ಮ ನಡತೆ ನಿಯಮ ಓದಿಕೊಳ್ಳಿ. ಬಂದು ಕೂತು ಕೇಳೋದು ಬೇರೆ, ಪದಾಧಿಕಾರಿ ಆಗೋದು ಬೇರೆ.

ಲ್ಯಾಮಿಂಗ್ಟನ್_ರೋಡ್_ವಕೀಲ
ಸರಿ ಮಾತು. ಬರೂವ್ರೆಲ್ಲಾ ಆರ್ಡರ್ ಕಾಪಿದು ಝೆರಾಕ್ಸ್ ತರ್ರಿ, ಮೂಲ ಪ್ರತಿ ಯಾರ ಕೈಯಾಗೂ ಕೊಡಬ್ಯಾಡ್ರಿ, ನನ್ನ ಕೈಯಾಗೂ. ಬ್ಯಾಂಕ್ ಪಾಸ್‌ಬುಕ್ಕಿನ ಪಗಾರ ಜಮಾ ಆದ ಹಾಳಿ ಬೇಕು. ಮಳಿಮಾಪಕ ಅವರ, ನಿಮ್ಮ ಬ್ರೇಕ್ ದಿನದ್ದು ಏನರ ದಾಖಲಾ ಅದ ಏನು? ಆ ದಿನ ನೀವು ಮನ್ಯಾಗ ಇದ್ರೋ, ಕೆಲಸಕ್ಕ ಹೋಗಿದ್ರೋ?

ಮಳಿಮಾಪಕ
ಮನ್ಯಾಗ ಹೆಂಗ ಇರಾಕ ಬರತೈತ್ರಿ ಸರ್? ಮುಂಜಾನೆ ಎಂಟೂವರಿಗೆ ಮಳಿ ಮಾಪಕ ಓದಬೇಕಲ್ಲ. ಒಂದು ದಿನ ಬಿಟ್ರ ಡೇಟಾ ಹರೀತೈತಿ. ಎಲ್ಲಾ ಬ್ರೇಕ್ ದಿನಾನೂ ಹೋಗಿ ಓದೀನಿ. ರಜಿಸ್ಟರಿನ್ಯಾಗ ನನ್ನ ಅಕ್ಷರನ ಐತಿ, ಸಣ್ಣ ಸಹಿ ಸೈತ.

ಲ್ಯಾಮಿಂಗ್ಟನ್_ರೋಡ್_ವಕೀಲ
ಆ ಹಾಳಿಗಳ ಫೋಟೋ ಇವತ್ತ ತಗೀರಿ. ರವಿವಾರದ ತನಕ ಕಾಯಬ್ಯಾಡ್ರಿ.